ಗಿಟಾರ್ ಹಿಡಿದು ದುಡ್ಡು ಮಾಡುವ ದಾರಿಗಳು: ಯಾವುದು ಕೂಲಿ, ಯಾವುದು ಗೇಣಿ?

ಗಿಟಾರ್ ಕ್ಲಾಸಿಗೆ ಬರುವ ಹುಡುಗರು ಎರಡು ವರ್ಷ ಕಳೆಯುವಷ್ಟರಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. "ಸರ್, ಇದರಲ್ಲಿ ದುಡ್ಡು ಇದೆಯಾ?" ಒಬ್ಬನಿಗೆ ಬ್ಯಾಂಡ್ ಕಟ್ಟಿ ಊರೂರು ಸುತ್ತುವ ಆಸೆ. ಒಬ್ಬಳಿಗೆ ಸ್ಟುಡಿಯೋದಲ್ಲಿ ಕೂತು ಬೇರೆಯವರ ಹಾಡಿಗೆ ನುಡಿಸಿದರೆ ಸಾಕು. ಇನ್ನೊಬ್ಬ ಮನೆಯಲ್ಲಿ ಸುಮ್ನೆ ಹಾಡು ಕಟ್ಟುತ್ತಾ ಇರುತ್ತಾನೆ, ಯಾರಿಗೂ ಕೇಳಿಸುವುದಿಲ್ಲ. ಮೊನ್ನೆ ಒಬ್ಬ ಹುಡುಗನ ಅಪ್ಪ ಬಂದು, ಹಳೇ ಗಿಟಾರ್ ಕೊಂಡಿಟ್ಟರೆ ಸೈಟಿನ ಹಾಗೆ ಬೆಲೆ ಏರುತ್ತಂತಲ್ಲ ಅಂತ ವಿಚಾರಿಸಿದರು.

ಎಲ್ಲರ ಕಣ್ಣೂ ಕೋಟ್ಯಧೀಶರಾದ ದೊಡ್ಡ ಗಿಟಾರ್ ವಾದಕರ ಮೇಲೆಯೇ. ಸರಿ, ಅವರ ದುಡ್ಡು ಎಲ್ಲಿಂದ ಬಂತು ಅಂತಲೇ ನೋಡೋಣ. ಮೊದಲೇ ಹೇಳಿಬಿಡುತ್ತೇನೆ, ಬೆರಳಿನ ವೇಗಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ ನೀವು ಅಂದುಕೊಂಡಷ್ಟು ನಂಟಿಲ್ಲ.

ಯಾವ ದಾರಿಯನ್ನು ತೂಗುವಾಗಲೂ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಮೊದಲನೆಯದೇ ಮುಖ್ಯ: ಇದು ಕೂಲಿಯೋ, ಗೇಣಿಯೋ? ಬೆಳಗ್ಗೆ ಹೊಲಕ್ಕೆ ಹೋಗಿ ದುಡಿದರೆ ಸಂಜೆ ಕೈಗೆ ಬರುವುದು ಕೂಲಿ. ಹೊಲವೇ ನಮ್ಮದಾಗಿದ್ದು ಬೇರೆಯವರು ಉತ್ತರೆ ಬರುವುದು ಗೇಣಿ. ನುಡಿಸಿದ ದಿನ ಮಾತ್ರ ಬರುವ ದುಡ್ಡು ಬೇರೆ, ನಾವು ಮಲಗಿದ್ದಾಗಲೂ ಬರುವ ದುಡ್ಡು ಬೇರೆ, ಅಲ್ವಾ? ಎರಡನೆಯದು, ಶುರುವಿಗೆ ಕೈಯಿಂದ ಎಷ್ಟು ಹಾಕಬೇಕು? ಮೂರನೆಯದು, ದುಡ್ಡು ನಮ್ಮ ಜೇಬು ಸೇರುವ ಮೊದಲು ಎಷ್ಟು ಕೈ ದಾಟುತ್ತದೆ? ಕೊನೆಯದು, ಹೆಸರು ಮೊದಲೇ ಇರಬೇಕಾ, ಅಥವಾ ಹೆಸರಿಲ್ಲದವರಿಗೂ ಈ ಬಾಗಿಲು ತೆರೆಯುತ್ತದಾ?

ಹಾಡು ಬರೆಯುವುದು

ಒಂದು ಕಥೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಇಡೀ ಲೆಕ್ಕ ಇದರಲ್ಲೇ ಇದೆ.

ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪದ ಒಂದು ಸ್ಟುಡಿಯೋ. 'ದಿ ಪೊಲೀಸ್' ಬ್ಯಾಂಡಿನ ಮೂವರು ಒಂದು ಹಾಡನ್ನು ಹಿಡಿದು ಗುದ್ದಾಡುತ್ತಿದ್ದಾರೆ. ಬರೆದವರು ಬ್ಯಾಂಡಿನ ಗಾಯಕ ಸ್ಟಿಂಗ್. ಹಾಡು ಸರಳ, ಆದರೆ ಏನು ಮಾಡಿದರೂ ಕೂರುತ್ತಿಲ್ಲ. ಕೊನೆಗೆ ಗಿಟಾರಿಸ್ಟ್ ಆಂಡಿ ಸಮ್ಮರ್ಸ್ ಅವರಿಗೆ, ನಿನಗೆ ತೋಚಿದ್ದು ಮಾಡು ಅಂತ ಬಿಟ್ಟರು. ಅವರು ಒಳಗೆ ಹೋಗಿ ಒಂದೇ ಟೇಕಿನಲ್ಲಿ ನುಡಿಸಿ ಬಂದರು. ನಾವು ಕ್ಲಾಸಿನಲ್ಲಿ ಇದನ್ನು ಕಲಿಸುವುದು ಹೀಗೆ: ತೋರುಬೆರಳು (ಗಿಟಾರ್ ಕತ್ತಿನ ಅಡ್ಡಪಟ್ಟಿಗಳ ಲೆಕ್ಕದಲ್ಲಿ) ಐದನೇ ಫ್ರೆಟ್‌ನಲ್ಲಿ, ಕಿರುಬೆರಳು ಚಾಚಿ ಒಂಬತ್ತನೆಯದರಲ್ಲಿ. ಬಲ ಅಂಗೈ ತಂತಿಯ ಬುಡದಲ್ಲಿ ಲಘುವಾಗಿ ಒತ್ತಿರಬೇಕು. ತಂತಿಗಳನ್ನು ಒಂದೊಂದಾಗಿ ಮೀಟಬೇಕು. ಹೊಸಬರ ಕೈ ಹತ್ತು ನಿಮಿಷಕ್ಕೇ ನೋಯುತ್ತದೆ. 1983ರಲ್ಲಿ ಬಂದ 'ಎವ್ರಿ ಬ್ರೆತ್ ಯು ಟೇಕ್' ಅದು. ಹಾಡಿನ ಒಂದು ಪದ ಗೊತ್ತಿಲ್ಲದವರೂ ಆ ಗಿಟಾರ್ ಕೇಳಿದರೆ ಗುರುತು ಹಿಡಿಯುತ್ತಾರೆ.

ಆದರೆ ಗ್ರಾಮಫೋನ್ ತಟ್ಟೆಯ ಮೇಲೆ ಬರೆದವರ ಹೆಸರು ಸ್ಟಿಂಗ್ ಒಬ್ಬರದೇ. 1997ರಲ್ಲಿ ಪಫ್ ಡ್ಯಾಡಿ ಎನ್ನುವ ರ‍್ಯಾಪರ್ ಅದೇ ಗಿಟಾರ್ ತುಣುಕನ್ನು ಎತ್ತಿಕೊಂಡು ತನ್ನ ಹಾಡು ಮಾಡಿದ. ಅದು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಎತ್ತಿದ್ದು ಸಮ್ಮರ್ಸ್ ಬೆರಳಿನ ಕೆಲಸ, ಹಾಡು ಬಳಸಿದಾಗಲೆಲ್ಲ ಬರೆದವರಿಗೆ ಸಲ್ಲುವ ಪಾಲು, ಅಂದರೆ ರಾಯಲ್ಟಿ, ಹೋದದ್ದು ಸ್ಟಿಂಗ್ ಅವರಿಗೆ. 2022ರಲ್ಲಿ ಸ್ಟಿಂಗ್ ತಮ್ಮ ಹಾಡುಗಳ ಹಕ್ಕನ್ನೆಲ್ಲ ಯೂನಿವರ್ಸಲ್ ಕಂಪನಿಗೆ ಮಾರಿದರು. ಪತ್ರಿಕೆಗಳು ಹೇಳಿದ ಮೊತ್ತ 25 ಕೋಟಿ ಡಾಲರಿಗೂ ಹೆಚ್ಚು. 2025ರಲ್ಲಿ ಸಮ್ಮರ್ಸ್ ಮತ್ತು ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ರಾಯಲ್ಟಿ ಬಾಕಿ ಬರಬೇಕೆಂದು ಲಂಡನ್ನಿನ ಹೈಕೋರ್ಟ್ ಮೆಟ್ಟಿಲು ಹತ್ತಿದರು. ನಲವತ್ತು ವರ್ಷ ಹಳೆಯ ಹಾಡು!

ಕಾನೂನು ಹಾಡು ಅಂತ ನೋಡುವುದು ಮುಖ್ಯವಾಗಿ ಸಾಹಿತ್ಯ ಮತ್ತು ರಾಗವನ್ನು. ಗಿಟಾರ್ ಪಟ್ಟು ಎಷ್ಟೇ ಚೆನ್ನಾಗಿರಲಿ, ಬಹಳ ಸಲ ಅದು 'ಅರೇಂಜ್‌ಮೆಂಟ್' ಅಂದರೆ ಹಾಡಿನ ಅಲಂಕಾರದ ಲೆಕ್ಕಕ್ಕೆ ಹೋಗುತ್ತದೆ. ಮೊದಲೇ ಪಾಲು ಮಾತಾಡಿಕೊಂಡಿರದಿದ್ದರೆ ಆಮೇಲೆ ಕೈ ಹಿಸುಕಿಕೊಳ್ಳುವುದಷ್ಟೇ.

ಪಾಲು ಹಂಚುವುದರಲ್ಲೂ ಬೇರೆ ಬೇರೆ ಪದ್ಧತಿ ಇದೆ. ಯೂ2 ಬ್ಯಾಂಡಿನಲ್ಲಿ ಸಂಗೀತ ಕಟ್ಟಿದವರು ಅಂತ ನಾಲ್ವರನ್ನೂ ಸೇರಿಸಿ ಬ್ಯಾಂಡಿನ ಹೆಸರನ್ನೇ ಹಾಕುತ್ತಾರೆ. ಗಿಟಾರಿಸ್ಟ್ ದಿ ಎಡ್ಜ್ ಅವರ ಸಂಪತ್ತಿನ ಬುನಾದಿ ಇದು. ಕ್ವೀನ್ ಬ್ಯಾಂಡ್ ಮೊದಲು ಬರೆದವರಿಗೇ ಹಾಡು ಎನ್ನುತ್ತಿತ್ತು. 1975ರಲ್ಲಿ 'ಬೊಹೀಮಿಯನ್ ರಾಪ್ಸಡಿ' ಸಿಂಗಲ್ ಬಂದಾಗ ತಟ್ಟೆಯ ಹಿಂಬದಿಯಲ್ಲಿ (ಬಿ ಸೈಡ್) ಡ್ರಮ್ಮರ್ ರೋಜರ್ ಟೇಲರ್ ಅವರ ಕಾರಿನ ಮೇಲಿನ ಹಾಡು. ಹೆಚ್ಚಿನವರು ಆ ಬದಿಯನ್ನು ತಿರುಗಿಸಿಯೂ ನೋಡಿರಲಿಕ್ಕಿಲ್ಲ. ಆದರೆ ತಟ್ಟೆ ಮಾರಾಟದ ರಾಯಲ್ಟಿ ಎರಡೂ ಬದಿಗೆ ಸಮ ಸಮ! ಆ ಜಗಳ ವರ್ಷಗಟ್ಟಲೆ ಹೊಗೆಯಾಡಿತು. 1989ರ ಆಲ್ಬಮ್ಮಿನ ಹೊತ್ತಿಗೆ ಗಿಟಾರಿಸ್ಟ್ ಬ್ರಯಾನ್ ಮೇ ಮತ್ತು ಉಳಿದ ಮೂವರು ಬುದ್ಧಿ ಬಂದವರ ಹಾಗೆ ಎಲ್ಲ ಹಾಡಿಗೂ 'ಕ್ವೀನ್' ಅಂತ ಹಾಕಲು ಶುರು ಮಾಡಿದರು.

ಬರೆದರೆ ಸಾಕಾ? ಸಾಲದು. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್ಫ್ಯಾಕ್ಷನ್' ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಹುಟ್ಟಿದ ಕಥೆ ಹೇಳುತ್ತಾರೆ. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ಕ್ಯಾಸೆಟ್ ರೆಕಾರ್ಡರ್ ಒತ್ತಿ ನುಡಿಸಿ ಮಲಗಿದರಂತೆ. ಬೆಳಗ್ಗೆ ಕೇಳಿದರೆ ಟೇಪಿನಲ್ಲಿ ಸ್ವಲ್ಪ ಗಿಟಾರ್, ಉಳಿದದ್ದೆಲ್ಲ ಗೊರಕೆ. ಹಾಡು 1965ರಲ್ಲಿ ಜಗತ್ತನ್ನೇ ಗೆದ್ದಿತು. ಆದರೆ ಅವರ ಆ ದಶಕದ ಹಾಡುಗಳ ಹಕ್ಕು ಮ್ಯಾನೇಜರ್ ಆಗಿದ್ದ ಅಲೆನ್ ಕ್ಲೈನ್ ಅವರ ಕಂಪನಿ ಪಾಲಾಯಿತು. ಬರೆದವರ ಪಾಲು ರಿಚರ್ಡ್ಸ್‌ಗೆ ಬರುತ್ತದೆ, ಹೊಲ ಮಾತ್ರ ಬೇರೆಯವರದು. 1970ರ ನಂತರ ಅವರು ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ಮಾಡಿಕೊಂಡದ್ದು ಈ ಪಾಠ ಕಲಿತ ಮೇಲೆಯೇ.

ನಮ್ಮಲ್ಲಿ ಕಾನೂನು ಒಂದು ವಿಷಯದಲ್ಲಿ ಬರೆದವರ ಪರ ಇದೆ. 2012ರಲ್ಲಿ ತಿದ್ದುಪಡಿಯಾದ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಗೀತ ಸಂಯೋಜಕರು ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವ ಹಾಗಿಲ್ಲ. ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡುವಾಗಿನ ಬಳಕೆಗೆ ಇದು ಅನ್ವಯಿಸುವುದಿಲ್ಲ. ಹಾಡು ಬರೆಯುವವರು ಇಂಥ ಸೊಸೈಟಿಯಾದ ಐಪಿಆರ್‌ಎಸ್‌ ಸದಸ್ಯರಾಗಬೇಕು. ಆಗದೆ ರಾಯಲ್ಟಿ ಬರಲಿಲ್ಲ ಅಂತ ಗೊಣಗುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಒಟ್ಟಿನಲ್ಲಿ ಇದು ಅಪ್ಪಟ ಗೇಣಿ. ಶುರುವಿಗೆ ಒಂದು ಗಿಟಾರ್, ಒಂದು ಫೋನ್ ಸಾಕು. ಹೆಸರೂ ಬೇಕಿಲ್ಲ. ತೊಂದರೆ ಏನೆಂದರೆ ನೂರು ಹಾಡು ಬರೆದರೂ ಒಂದೂ ಓಡದೇ ಇರಬಹುದು, ಓಡಿದರೂ ದುಡ್ಡು ಬರಲು ವರ್ಷ ಹಿಡಿಯಬಹುದು. ಈ ತಿಂಗಳ ಬಾಡಿಗೆಗೆ ಇದನ್ನು ನಂಬಬೇಡಿ.

ಹಾಡಿನ ಹಕ್ಕನ್ನು ಇಡಿಯಾಗಿ ಮಾರುವುದು ಈಚಿನ ಫ್ಯಾಷನ್. 2021ರ ಕೊನೆಯಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಸೋನಿಗೆ ಮಾರಿದಾಗ ಕೇಳಿಬಂದ ಮೊತ್ತ ಸುಮಾರು 50 ಕೋಟಿ ಡಾಲರ್. ಅವರಿಗೆ ಆಗ 72 ವರ್ಷ. ಆ ವಯಸ್ಸಿಗೆ ತೋಟ ಮಾರಿ ದುಡ್ಡು ಮಕ್ಕಳಿಗೆ ಹಂಚುವುದರಲ್ಲಿ ಅರ್ಥ ಇದೆ. ಇಪ್ಪತ್ತೈದರ ಹುಡುಗ ಒಂದು ಲಕ್ಷಕ್ಕೆ ಎಲ್ಲ ಹಕ್ಕು ಬರೆದುಕೊಡುವುದು ಅಡಿಕೆ ಸಸಿ ನೆಟ್ಟ ವರ್ಷವೇ ತೋಟ ಮಾರಿದ ಹಾಗೆ.

ಊರೂರು ಸುತ್ತಿ ನುಡಿಸುವುದು

ದೊಡ್ಡ ಅಂಕಿಗಳು ಇರುವುದು ಇಲ್ಲೇ. ಯೂ2 ಬ್ಯಾಂಡಿನ 2009ರಿಂದ 2011ರವರೆಗಿನ 360 ಡಿಗ್ರಿ ಟೂರ್ 110 ಶೋಗಳಲ್ಲಿ 73 ಕೋಟಿ 60 ಲಕ್ಷ ಡಾಲರ್ ಟಿಕೆಟ್ ಮಾರಿ ದಾಖಲೆ ಬರೆಯಿತು. ಕೇಳಲು ಚೆನ್ನ. ಆದರೆ ಇದು ಗಲ್ಲಾಪೆಟ್ಟಿಗೆಗೆ ಬಂದದ್ದು, ಎಡ್ಜ್ ಜೇಬಿಗಲ್ಲ. ನಾಲ್ಕು ಕಾಲಿನ ರಾಕ್ಷಸ ಏಡಿಯಂಥ ಆ ವೇದಿಕೆ ಕಟ್ಟಲು, ಬಿಚ್ಚಲು ದಿನಗಟ್ಟಲೆ ಬೇಕಿತ್ತು. ಅದಕ್ಕೇ ಮೂರು ಸೆಟ್ ಮಾಡಿಸಿದ್ದರು. ಒಂದೂರಲ್ಲಿ ಶೋ ನಡೆಯುವಾಗ ಮುಂದಿನ ಊರಲ್ಲಿ ಇನ್ನೊಂದು ಏಳುತ್ತಿತ್ತು. ನಡುವೆ 2010ರಲ್ಲಿ ಬ್ಯಾಂಡಿನ ಗಾಯಕ ಬೋನೋ ಬೆನ್ನಿಗೆ ಪೆಟ್ಟಾಯಿತು. ಉತ್ತರ ಅಮೆರಿಕದ ಶೋಗಳೆಲ್ಲ ಮುಂದಕ್ಕೆ ಹೋದವು. ಒಬ್ಬರ ಬೆನ್ನು ನೋವಿಗೆ ಎಷ್ಟು ಮನೆಯ ಸಂಬಳ ನಿಂತಿರಬೇಕು ಅಂತ ಯೋಚಿಸಿ.

ಆ ದಾಖಲೆ ಮುರಿದದ್ದು ಯಾರು? ಒಂದು ಗಿಟಾರ್, ಕಾಲಡಿ ಒಂದು ಲೂಪ್ ಪೆಡಲ್ (ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ ಯಂತ್ರ) ಇಟ್ಟುಕೊಂಡು ಹೆಚ್ಚುಕಮ್ಮಿ ಒಬ್ಬರೇ ನಿಂತ ಎಡ್ ಶೀರನ್. 2017ರಿಂದ 2019ರವರೆಗಿನ ಟೂರ್ 77 ಕೋಟಿ ಡಾಲರ್ ದಾಟಿತು. ಹಂಚಿಕೊಳ್ಳಲು ಬ್ಯಾಂಡ್ ಇಲ್ಲ, ಹೊರಲು ಡ್ರಮ್ ಸೆಟ್ ಇಲ್ಲ. ನನ್ನ ಕೇಳಿದರೆ ಈ ಎರಡು ಟೂರುಗಳ ನಡುವಿನ ವ್ಯತ್ಯಾಸ ಯಾವ ಮ್ಯಾನೇಜ್‌ಮೆಂಟ್ ಕೋರ್ಸಿಗಿಂತ ಹೆಚ್ಚು ಕಲಿಸುತ್ತದೆ. (ಅದೇ ಶೀರನ್ 2025ರ ಫೆಬ್ರವರಿಯಲ್ಲಿ ನಮ್ಮ ಚರ್ಚ್ ಸ್ಟ್ರೀಟಿನಲ್ಲಿ ಗಿಟಾರ್ ಹಿಡಿದು ಹಾಡಲು ನಿಂತಾಗ ಪೊಲೀಸರು ಬಂದು ವೈರ್ ಕಿತ್ತರು. ಬೆಂಗಳೂರಲ್ಲಿ ರಸ್ತೆಯಲ್ಲಿ ನುಡಿಸಿ ಬದುಕುವ ಯೋಚನೆ ಇರುವವರು ನೆನಪಿಡಿ.)

ಮಾತುಕತೆಯ ಬಲ ಇನ್ನೊಂದು. ಲೆಡ್ ಜೆಪ್ಲಿನ್ ಮ್ಯಾನೇಜರ್ ಪೀಟರ್ ಗ್ರಾಂಟ್ ಟಿಕೆಟ್ ದುಡ್ಡಿನಲ್ಲಿ ನೂರಕ್ಕೆ 90 ಬ್ಯಾಂಡಿಗೆ, 10 ಆಯೋಜಕರಿಗೆ ಅಂತ ಪಟ್ಟು ಹಿಡಿದರು. ಅದು ಸಾಧ್ಯವಾದದ್ದು ಟಿಕೆಟ್ ತಾನಾಗಿ ಮಾರಿಹೋಗುತ್ತಿದ್ದುದರಿಂದ. ಹೊಸ ಬ್ಯಾಂಡ್ ಹೀಗೆ ಕೇಳಿದರೆ ಪಬ್ ಮಾಲೀಕ ಮುಂದಿನ ವಾರದಿಂದ ಡಿಜೆ ಕರೆಸುತ್ತಾನೆ.

ಟೂರ್ ಎಂದರೆ ಎಷ್ಟೇ ದೊಡ್ಡದಾದರೂ ಕೂಲಿಯೇ. ಬಂಗಾರದ ಕೂಲಿ ಅನ್ನಿ ಬೇಕಾದರೆ. ಸ್ವಂತ ಹಾಡು ನುಡಿಸಿದರೆ ಕೂಲಿಯ ಜೊತೆ ಸ್ವಲ್ಪ ಗೇಣಿಯೂ ಸೇರುತ್ತದೆ. ವಯಸ್ಸು ಇದ್ದಾಗ, ಸಂಸಾರದ ಭಾರ ಕಡಿಮೆ ಇದ್ದಾಗ ಮಾಡಿ.

ಸ್ಟುಡಿಯೋ ಕೆಲಸ

ನಾನು ಕೈಸುಟ್ಟುಕೊಂಡ ಜಾಗ ಇದು. ವರ್ಷಗಳ ಹಿಂದೆ ಒಂದು ಜಾಹೀರಾತಿಗೆ ಗಿಟಾರ್ ನುಡಿಸಲು ಕರೆ ಬಂತು. ರಾಗ ಇನ್ನೂ ಆಗಿರಲಿಲ್ಲ. "ಏನಾದರೂ ನುಡಿಸಿ ಸರ್, ನೋಡೋಣ" ಅಂದರು. ನುಡಿಸಿದೆ. ಅದನ್ನೇ ಹಿಡಿದು ಹಾಡು ಮಾಡಿದರು. ಕವರಿನಲ್ಲಿ 1,500 ರೂಪಾಯಿ, ಒಂದು ವೋಚರ್ ಮೇಲೆ ಸಹಿ. ವೋಚರಿನಲ್ಲಿ ಏನು ಬರೆದಿತ್ತು ಅಂತ ಓದಲೂ ಇಲ್ಲ, ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಿನಲ್ಲಿ ಸಹಿ ಹಾಕಿದ್ದು. ಆಮೇಲೆ ಎರಡು ವರ್ಷ ನಮ್ಮ ಪಕ್ಕದ ಮನೆ ಟಿವಿಯಲ್ಲಿ ಅದು ದಿನಾ ಸಂಜೆ ಕೇಳುತ್ತಿತ್ತು.

ಆದರೂ ಈ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ಹೆಸರು ಬೇಡ, ಬಂಡವಾಳ ಕಡಿಮೆ, ದುಡ್ಡು ಅವತ್ತೇ. ಲೆಡ್ ಜೆಪ್ಲಿನ್ ಗಿಟಾರಿಸ್ಟ್ ಜಿಮ್ಮಿ ಪೇಜ್ ಬ್ಯಾಂಡ್ ಕಟ್ಟುವ ಮೊದಲು 1960ರ ದಶಕದಲ್ಲಿ ಲಂಡನ್ನಿನ ಸ್ಟುಡಿಯೋಗಳಲ್ಲಿ ಹಗಲೂ ರಾತ್ರಿ ಬೇರೆಯವರಿಗೆ ನುಡಿಸಿದರು. ಅಲ್ಲಿ ಕಲಿತ ರೆಕಾರ್ಡಿಂಗ್ ವಿದ್ಯೆ ಆಮೇಲೆ ಲೆಡ್ ಜೆಪ್ಲಿನ್‌ಗೆ ಕೆಲಸಕ್ಕೆ ಬಂತು. ಮೊದಲ ಆಲ್ಬಮ್ಮಿನ ಖರ್ಚನ್ನು ಅವರೇ ಹಾಕಿದರು, ರೆಕಾರ್ಡಿಂಗಿನ ಉಸ್ತುವಾರಿ ಹೊರುವ ಪ್ರೊಡ್ಯೂಸರೂ ಅವರೇ. ಮುಗಿದ ಟೇಪ್ ಕೈಯಲ್ಲಿ ಇಟ್ಟುಕೊಂಡು ಕಂಪನಿ ಜೊತೆ ಮಾತಾಡುವುದಕ್ಕೂ, ಕಂಪನಿ ದುಡ್ಡಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಮಾತಾಡುವುದಕ್ಕೂ ಅಜಗಜಾಂತರ.

ನೈಲ್ ರಾಜರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಗಿಟಾರ್ ಜೊತೆಗೆ ಪ್ರೊಡ್ಯೂಸರ್ ಕುರ್ಚಿಯನ್ನೂ ಹಿಡಿದರು. 1983ರಲ್ಲಿ ಡೇವಿಡ್ ಬೋವಿ, 1984ರಲ್ಲಿ ಮಡೋನ್ನಾ ಆಲ್ಬಮ್. ಪ್ರೊಡ್ಯೂಸರಿಗೆ ಮಾರಾಟದಲ್ಲಿ ಪಾಲು ಇರುತ್ತದೆ, ಬರೀ ದಿನಗೂಲಿಯ ಗಿಟಾರಿಸ್ಟ್‌ಗೆ ಇರುವುದಿಲ್ಲ. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಎಂಬ ಹಾಡು ತಮ್ಮ 'ಗುಡ್ ಟೈಮ್ಸ್' ಮೇಲೆ ಕಟ್ಟಿದ್ದು ಅಂತ ಗೊತ್ತಾದಾಗ ಅವರೂ ಬೇಸಿಸ್ಟ್ ಬರ್ನಾರ್ಡ್ ಎಡ್ವರ್ಡ್ಸ್ ಅವರೂ ಸುಮ್ಮನೆ ಕೂರಲಿಲ್ಲ. ಕೋರ್ಟಿನ ಮಾತೆತ್ತಿ ಬರೆದವರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡರು. ಸಮ್ಮರ್ಸ್‌ಗೂ ಇವರಿಗೂ ಏನು ಫರಕು? ಮೂಲ ಹಾಡಿನ ಮೇಲೆ ಇವರ ಹೆಸರು ಮೊದಲೇ ಇತ್ತು.

ಹೆಸರು ಮಾರುವುದು

ಗಿಟಾರಿನ ತಲೆಯ ಮೇಲೆ ನಿಮ್ಮ ಹೆಸರು, ಪ್ರತಿ ಗಿಟಾರಿಗೂ ನಿಮಗೆ ಇಷ್ಟು ದುಡ್ಡು. ಗಿಟಾರಿಸ್ಟ್ ಲೆಸ್ ಪಾಲ್ ಇದಕ್ಕೆ ಹಿರಿಯಣ್ಣ. 1952ರಿಂದ ಗಿಬ್ಸನ್ ಕಂಪನಿ ಅವರ ಹೆಸರಿನ ಗಿಟಾರ್ ಮಾರಿತು. ನಡುವೆ ಮಾರಾಟ ಬಿದ್ದು ಆ ರೂಪವೇ ನಿಂತುಹೋಯಿತು. ಬ್ರಿಟನ್ನಿನ ಹುಡುಗರು ಹಳೇ ಲೆಸ್ ಪಾಲ್ ಹುಡುಕಿ ನುಡಿಸಲು ಶುರು ಮಾಡಿದ ಮೇಲೆ 1968ರಲ್ಲಿ ಮತ್ತೆ ಬಂತು. 2009ರಲ್ಲಿ ಲೆಸ್ ಪಾಲ್ ತೀರಿಕೊಂಡರು, ಗಿಟಾರ್ ಮಾರಾಟ ಇವತ್ತೂ ನಿಂತಿಲ್ಲ.

ಇಲ್ಲಿ ನನಗೆ ಇಷ್ಟವಾದ ಉದಾಹರಣೆ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್. ಪೀವಿ ಕಂಪನಿ ಜೊತೆ ಸೇರಿ 1992ರಲ್ಲಿ '5150' ಎಂಬ ಆಂಪ್ (ಗಿಟಾರ್ ದನಿ ಹಿಗ್ಗಿಸುವ ಪೆಟ್ಟಿಗೆ) ತಂದರು. 2004ರಲ್ಲಿ ಬೇರೆಯಾದಾಗ ಆ ಸಂಖ್ಯೆಯನ್ನೂ ಎತ್ತಿಕೊಂಡು ಹೋದರು, ಹೆಸರು ಅವರದ್ದಾಗಿತ್ತು. ಪೀವಿ ಅದೇ ಆಂಪನ್ನು '6505' ಅಂತ ಮಾರಬೇಕಾಯಿತು. ಎಡ್ಡಿ ಆಮೇಲೆ ಫೆಂಡರ್ ಜೊತೆ ಸೇರಿ 'ಇವಿಎಚ್' ಅಂತ ತಮ್ಮದೇ ಬ್ರ್ಯಾಂಡ್ ಕಟ್ಟಿದರು.

ಬೆಲೆಯ ಲೆಕ್ಕವೂ ಮುಖ್ಯ. ಜಾನ್ ಮೇಯರ್ ಅವರ ಸಿಲ್ವರ್ ಸ್ಕೈ ಗಿಟಾರನ್ನು ಪಿಆರ್‌ಎಸ್ 2018ರಲ್ಲಿ ತಂದಿತು, ದುಬಾರಿ. 2022ರಲ್ಲಿ ಸುಮಾರು ಮೂರನೇ ಒಂದು ಭಾಗದ ಬೆಲೆಗೆ ಇಂಡೋನೇಷ್ಯಾದಲ್ಲಿ ಮಾಡಿದ ಎಸ್‌ಇ ಮಾದರಿ ಬಂತು. ಕಾಲೇಜು ಹುಡುಗರೂ ಆಸೆಪಡುವ ಬೆಲೆಗೆ ಇಳಿಯಿತು.

ಸಂಗೀತದ ಆಚೆಗೆ ಹೋದರೆ ದುಡ್ಡು ಇನ್ನೂ ಜಾಸ್ತಿ. ರಾಕ್ ಗಾಯಕ ಸ್ಯಾಮಿ ಹೇಗರ್ ತಮ್ಮ ಟಕೀಲಾ ಬ್ರ್ಯಾಂಡಿನ ನೂರಕ್ಕೆ 80 ಪಾಲನ್ನು 2007ರಲ್ಲಿ ಕಂಪಾರಿ ಕಂಪನಿಗೆ 8 ಕೋಟಿ ಡಾಲರಿಗೆ ಮಾರಿದರು. ಕಾರ್ಲೋಸ್ ಸಂತಾನಾ ಹೆಸರಿನಲ್ಲಿ ಹೆಂಗಸರ ಚಪ್ಪಲಿ, ಶೂ ಬಂದವು. ಗೇಣಿಯ ಮಟ್ಟಿಗೆ ಇದನ್ನು ಮೀರಿಸುವುದು ಕಷ್ಟ, ಆದರೆ ನನ್ನ ನಾಲ್ಕನೇ ಪ್ರಶ್ನೆ ಇಲ್ಲಿ ಅಡ್ಡ ನಿಲ್ಲುತ್ತದೆ. ಹೆಸರೇ ಇಲ್ಲದವರ ಹೆಸರನ್ನು ಯಾರು ಕೊಳ್ಳುತ್ತಾರೆ? ಸದ್ಯಕ್ಕೆ ಈ ದಾರಿ ನೋಡಿ ಖುಷಿಪಡಲು ಮಾತ್ರ.

ಗಿಟಾರ್ ಕೊಂಡಿಡುವುದು

ಆ ಅಪ್ಪನಿಗೆ ನಾನು ಹೇಳಿದ್ದು ಇದನ್ನೇ. 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ ಗಿಟಾರುಗಳನ್ನು ಮಾರಿದಾಗ ಬಂದದ್ದು 2 ಕೋಟಿ 14 ಲಕ್ಷ ಡಾಲರಿಗೂ ಹೆಚ್ಚು. 1970ರಲ್ಲಿ ಅದೇ ಊರಿನ ಅಂಗಡಿಯಲ್ಲಿ ಕೊಂಡ ಕಪ್ಪು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್) ಒಂದೇ 39 ಲಕ್ಷ 75 ಸಾವಿರಕ್ಕೆ ಹೋಯಿತು. ಎರಿಕ್ ಕ್ಲಾಪ್ಟನ್ ಅವರ 'ಬ್ಲ್ಯಾಕಿ' ಕಥೆಯೂ ಹಾಗೇ. 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಯಾರಿಗೂ ಬೇಡವಾಗಿದ್ದ ಹಳೇ ಸ್ಟ್ರಾಟ್‌ಗಳನ್ನು ಅಗ್ಗಕ್ಕೆ ಆರು ಕೊಂಡರು. ಮೂರನ್ನು ಗೆಳೆಯರಿಗೆ ಕೊಟ್ಟರು. ಅದರಲ್ಲಿ ಒಂದು ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್‌ಗೆ. ಉಳಿದ ಮೂರನ್ನು ಬಿಚ್ಚಿ, ಚೆನ್ನಾಗಿದ್ದ ಭಾಗಗಳನ್ನು ಆರಿಸಿ ಒಂದು ಗಿಟಾರ್ ಮಾಡಿಕೊಂಡರು. ಅದು 2004ರಲ್ಲಿ 9,59,500 ಡಾಲರಿಗೆ ಹೋಯಿತು.

ಬೆಲೆ ಬಂದದ್ದು ಮರಕ್ಕಲ್ಲ, ಕೈಗೆ. ಅದೂ ಅಲ್ಲದೆ ಇವರ್ಯಾರೂ ಇದರಿಂದ ಶ್ರೀಮಂತರಾದವರಲ್ಲ. ಗಿಲ್ಮೋರ್ ಹರಾಜಿನ ದುಡ್ಡನ್ನು ಪರಿಸರದ ಕೆಲಸಕ್ಕೆ ಕೊಟ್ಟರು, ಕ್ಲಾಪ್ಟನ್ ತಾವು ಕಟ್ಟಿದ ವ್ಯಸನಮುಕ್ತಿ ಕೇಂದ್ರಕ್ಕೆ ಕೊಟ್ಟರು. ನಮ್ಮ ಊರಿನ ಮಳೆಗಾಲಕ್ಕೆ ನೆಕ್ ಬಾಗುತ್ತದೆ, ಮಂಗಳೂರು ಕಡೆಯಾದರೆ ಫ್ರೆಟ್ಟಿಗೆ ತುಕ್ಕು. ಬ್ರೆಜಿಲಿನ ರೋಸ್‌ವುಡ್ ಇರುವ ಹಳೇ ಗಿಟಾರ್ ಆದರೆ ಗಡಿ ದಾಟಿಸಲು ವನ್ಯಜೀವಿ ಒಪ್ಪಂದದ ಪರವಾನಗಿ ಬೇರೆ ಬೇಕು. ಸೈಟೇ ಕೊಳ್ಳಿ ಸ್ವಾಮಿ ಅಂದೆ.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ದುಡ್ಡಿಲ್ಲ, ಮನೆ ನಡೆಸಬೇಕು ಅನ್ನುವವರು ಸ್ಟುಡಿಯೋ ಕೆಲಸ, ಮದುವೆ ರಿಸೆಪ್ಷನ್ ಕಾರ್ಯಕ್ರಮ, ಕ್ಲಾಸು ಹಿಡಿಯಿರಿ. ನಾಚಿಕೆ ಬೇಡ, ಪೇಜ್ ಕೂಡ ಅದನ್ನೇ ಮಾಡಿದ್ದು. ಆದರೆ ಆ ಕೂಲಿಯಲ್ಲಿ ವಾರಕ್ಕೆ ಅರ್ಧ ದಿನ ಉಳಿಸಿ ಸ್ವಂತ ಹಾಡಿಗೆ ಇಡಿ. ಒಳ್ಳೆ ಸಂಬಳದ ಕೆಲಸ ಇದ್ದು ಸಂಜೆ ಮಾತ್ರ ಬಿಡುವಿದ್ದರೆ ಟೂರಿನ ಆಸೆ ಬಿಟ್ಟು ಬರೆಯುವುದಕ್ಕೇ ಕೂತುಕೊಳ್ಳಿ. ಸಂಬಳ ಇರುವವರಿಗೆ ಹಕ್ಕು ಮಾರುವ ಅವಸರ ಇರುವುದಿಲ್ಲ, ಅದೇ ಅವರ ಬಂಡವಾಳ. ಬ್ಯಾಂಡ್ ಇರುವವರು ಊರೂರು ಸುತ್ತಿ, ಆದರೆ ಸಾಮಾನು ಒಂದು ಕಾರಿನ ಡಿಕ್ಕಿಗೆ ಹಿಡಿಸುವಷ್ಟೇ ಇರಲಿ. ನುಡಿಸುವುದರಲ್ಲಿ ಗಟ್ಟಿಗರು, ಬರೆಯಲು ಬಾರದು ಅನ್ನುವವರು ರಾಜರ್ಸ್ ಹಾಗೆ ಪ್ರೊಡ್ಯೂಸರ್ ಕೆಲಸ ಕಲಿಯಿರಿ.

ಎಲ್ಲರಿಗೂ ಅನ್ವಯಿಸುವ ಕೆಲಸ ಒಂದಿದೆ, ಹತ್ತು ನಿಮಿಷದ್ದು. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ತಾರೀಖು, ಸಾಹಿತ್ಯ ಯಾರದು ಎಷ್ಟು ಪಾಲು, ರಾಗ ಯಾರದು ಎಷ್ಟು ಪಾಲು, ರಿಫ್ ರಾಗದ ಪಾಲಿಗೆ ಸೇರುತ್ತದಾ ಇಲ್ಲವಾ ಅಂತ ಬರೆದು ಎಲ್ಲರೂ ಸಹಿ ಹಾಕಿ. ಫೋಟೋ ತೆಗೆದು ಗ್ರೂಪಿಗೆ ಹಾಕಿ.

ಕಳೆದ ತಿಂಗಳು ನನ್ನ ಹಳೇ ವಿದ್ಯಾರ್ಥಿಗಳ ಬ್ಯಾಂಡ್ ಹೋಟೆಲ್ಲಿನಲ್ಲಿ ಎರಡು ಬೈಟು ಕಾಫಿ ಮುಂದಿಟ್ಟುಕೊಂಡು ಹೀಗೆ ಹಾಳೆ ಬರೆಯಲು ಕೂತಿತ್ತು. ನಾಲ್ವರಿಗೂ 25, 25 ಅಂತ ಬೇಗ ಮುಗಿಯಿತು. ಡ್ರಮ್ಮರ್ ಹುಡುಗ ಮಾತ್ರ ಸಹಿ ಹಾಕದೆ ಪೆನ್ ತಿರುಗಿಸುತ್ತಾ ಕೂತಿದ್ದ. ಟೇಲರ್ ಕಥೆಯನ್ನು ಅವನಿಗೆ ನಾನೇ ಹೇಳಿದ್ದೆ.

"ಬಿ ಸೈಡ್ ಯಾರದು ಅಂತ ಇದರಲ್ಲಿ ಬರೆದೇ ಇಲ್ವಲ್ಲ ಸರ್?"

"ಈಗ ತಟ್ಟೆನೇ ಇಲ್ಲ ಕಣೋ, ಸಹಿ ಹಾಕು" ಅಂದೆ.